ದೇವದಾರು ಪೆಟ್ಟಿಗೆಗೆ ನಾನು ಬಳಿದ ಹೊಳಪು

ನನ್ನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಳೆ. ಸಂಜೆ ಅವಳು ಹೋಮ್‌ವರ್ಕಿಗೆ ಕೂರುವ ಮುಂಚೆ ಪೆನ್ಸಿಲ್ ಚೂಪು ಮಾಡಿಕೊಡುವ ಕೆಲಸವನ್ನು ನಾನಾಗಿಯೇ ಮೈಮೇಲೆ ಹಾಕಿಕೊಂಡಿದ್ದೇನೆ. ಅದರಲ್ಲಿ ಮಗಳ ಮೇಲಿನ ಪ್ರೀತಿ ಸ್ವಲ್ಪ, ಸ್ವಾರ್ಥ ಜಾಸ್ತಿ. ಮೆಂಡರಿನಲ್ಲಿ ಪೆನ್ಸಿಲ್ ತಿರುಗಿಸುತ್ತಿದ್ದ ಹಾಗೆ ಮರದ ತೆಳು ಸಿಪ್ಪೆ ಸುರುಳಿಯಾಗಿ ಹೊರಗೆ ಬರುತ್ತದಲ್ಲ, ಅದನ್ನು ಅಂಗೈಯಲ್ಲಿ ಹಿಡಿದು ಮೂಸುವುದು ನನ್ನ ಚಟ. ಎಲ್ಲ ಪೆನ್ಸಿಲ್ಲಿಗೂ ಆ ವಾಸನೆ ಇರುವುದಿಲ್ಲ. ಈಗಿನವು ಬಹಳಷ್ಟು ಬೆಂಕಿಕಡ್ಡಿಯಂಥ ಸಪ್ಪೆ ಮರದವು. ಆದರೆ ಅಪರೂಪಕ್ಕೆ ದೇವದಾರು ಜಾತಿಯ ಮರದ್ದೊಂದು ಸಿಕ್ಕಿಬಿಟ್ಟರೆ ನನ್ನ ಕೈ ನಿಲ್ಲುವುದಿಲ್ಲ. ಮೊನ್ನೆ ಹಾಗೇ ಆಯಿತು.

“ಅಪ್ಪಾ, ಸಾಕು! ಪೆನ್ಸಿಲ್ ಖಾಲಿ ಆಗ್ತಿದೆ!” ಎಂದು ಮಗಳು ಕಿರುಚಿದಳು. ನೋಡುತ್ತೇನೆ, ಬೆಳಿಗ್ಗೆ ಹೊಸದಾಗಿದ್ದ ಪೆನ್ಸಿಲ್ ನನ್ನ ಕಿರುಬೆರಳಿನಷ್ಟಾಗಿತ್ತು.

ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಅಮ್ಮ ತಲೆಯನ್ನೂ ಎತ್ತಲಿಲ್ಲ. “ಅವನ ಕೈಗೆ ಮರದ್ದು ಏನೂ ಕೊಡ್ಬೇಡ ಪುಟ್ಟಿ. ಎಲ್ಲಿ ನಿಲ್ಲಿಸ್ಬೇಕು ಅಂತ ನಿಮ್ಮಪ್ಪಂಗೆ ಗೊತ್ತಾಗಲ್ಲ” ಎಂದಳು.

ಅಮ್ಮ ಹೇಳಿದ್ದು ಸುಳ್ಳೇನಲ್ಲ. ಅದಕ್ಕೆ ಸಾಕ್ಷಿ ಒಳಗಿನ ಕೋಣೆಯಲ್ಲೇ ಇದೆ. ಚಾಮರಾಜಪೇಟೆಯ ನಮ್ಮ ಮನೆಯ ನಡುಮನೆ ದಾಟಿದರೆ ಹಗಲಲ್ಲೂ ಲೈಟು ಹಾಕಬೇಕಾದ ಒಂದು ಕೋಣೆ, ಅದರ ಮೂಲೆಯಲ್ಲಿ ಒಂದು ದೇವದಾರು ಪೆಟ್ಟಿಗೆ. ರೈಲ್ವೆಯಲ್ಲಿದ್ದ ನಮ್ಮ ತಾತ, ಎಂದರೆ ಅಮ್ಮನ ಅಪ್ಪ, ಉತ್ತರದ ಬೆಟ್ಟಗಳ ಸೀಮೆಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದ್ದರಂತೆ. ಎಲ್ಲರೂ ಅಲ್ಲಿಂದ ಶಾಲು ತಂದರೆ ಇವರು ಪೆಟ್ಟಿಗೆ ಮಾಡಿಸಿಕೊಂಡು ಬಂದರು. ಅದು ಮೊದಲು ಅಜ್ಜಿಯದಾಗಿ, ಆಮೇಲೆ ಅಮ್ಮನ ಮದುವೆಯಲ್ಲಿ ಅಮ್ಮನ ಜೊತೆ ನಮ್ಮ ಮನೆಗೆ ಬಂತು. ಮೂಲೆಗಳಿಗೆ ಹಿತ್ತಾಳೆ ಪಟ್ಟಿ, ಹೊರಗೆಲ್ಲ ಕೆಂಪಗೆ ಮಿರುಗುವ ಪಾಲಿಶ್. ಮುಚ್ಚಳ ಎತ್ತಿದರೆ ಒಳಗೆ ಮಾತ್ರ ಬೋಳು ಮರ. ಬಣ್ಣವಿಲ್ಲ, ಎಣ್ಣೆಯಿಲ್ಲ, ಅಲ್ಲಲ್ಲಿ ಕಂದು ಗಂಟುಗಳು. ಅದರಲ್ಲಿ ಅಮ್ಮನ ರೇಷ್ಮೆ ಸೀರೆಗಳು. ಊರಿನ ಎಲ್ಲ ಬೀರುಗಳಲ್ಲೂ ನುಸಿಗುಳಿಗೆ ಇರುತ್ತಿದ್ದ ಕಾಲದಲ್ಲಿ ನಮ್ಮ ಪೆಟ್ಟಿಗೆಯೊಳಗೆ ಒಂದು ಗುಳಿಗೆಯೂ ಬಿದ್ದದ್ದಿಲ್ಲ. ಆದರೂ ಒಂದು ಹುಳ ಸೀರೆಯ ಹತ್ತಿರ ಸುಳಿದದ್ದಿಲ್ಲ.

ಚಿಕ್ಕಂದಿನಲ್ಲಿ ನನಗೆ ಅದು ದೇವದಾರು ಮರದ ವಾಸನೆ ಎಂದು ಗೊತ್ತಿರಲಿಲ್ಲ. ಅಮ್ಮನ ಸೀರೆಯ ವಾಸನೆ ಎಂದೇ ತಿಳಿದಿದ್ದೆ. ಹಬ್ಬದ ದಿನ ಅಮ್ಮ ರೇಷ್ಮೆ ಉಟ್ಟರೆ ಮನೆಯ ತುಂಬ ಆ ವಾಸನೆ. ಒಂದನೇ ಕ್ಲಾಸಿಗೆ ಸೇರಿಸಿದ ಮೊದಲ ವಾರ ಎಲ್ಲ ಮಕ್ಕಳೂ ಅಳುತ್ತಿದ್ದಾಗ ನಾನು ಪೆನ್ಸಿಲ್ ಮೂಗಿಗೆ ಹಿಡಿದು ಸುಮ್ಮನೆ ಕೂತಿರುತ್ತಿದ್ದೆ. ಪೆನ್ಸಿಲ್ಲಿಗೆ ಅಮ್ಮನ ವಾಸನೆ ಹೇಗೆ ಬಂತು ಎಂದು ಆಶ್ಚರ್ಯವೇನೂ ಆಗಲಿಲ್ಲ; ಅಮ್ಮನೇ ಕೊಟ್ಟ ಪೆನ್ಸಿಲ್ ತಾನೆ. ಮಿಸ್ಸು ಮಾತ್ರ ನನಗೆ ನೆಗಡಿ ಎಂದುಕೊಂಡು ಕಿಟಕಿಯ ಪಕ್ಕದಿಂದ ಎಬ್ಬಿಸಿ ಬೇರೆ ಕಡೆ ಕೂರಿಸಿದರು.

ಹೈಸ್ಕೂಲಿಗೆ ಬಸವನಗುಡಿಗೆ ಹೋದಾಗ ಅಲ್ಲಿ ವಾರಕ್ಕೊಂದು ಮರಗೆಲಸದ ಪೀರಿಯಡ್ ಇತ್ತು. ಆಟದ ಮೈದಾನದ ಹಿಂದೆ ಒಂದು ಶೀಟಿನ ಶೆಡ್ಡು, ಅದರೊಳಗೆ ನಂಜುಂಡಯ್ಯ ಮೇಷ್ಟರು. ಕಿವಿಯ ಹಿಂದೆ ಪೆನ್ಸಿಲ್, ಕೋಟಿನ ಮೇಲೆಲ್ಲ ಮರದ ಪುಡಿ. ಆ ವರ್ಷ ಪ್ರತಿಯೊಬ್ಬನೂ ಊಟಕ್ಕೆ ಕೂರುವ ಮಣೆಯೊಂದನ್ನು ಮಾಡಬೇಕಿತ್ತು. ನನ್ನ ಮಣೆ ಸ್ವಲ್ಪ ಅಲ್ಲಾಡುತ್ತಿತ್ತು. ಒಂದು ಕಾಲನ್ನು ಉಪ್ಪು ಕಾಗದದಲ್ಲಿ ಉಜ್ಜಿದೆ. ಈಗ ಇನ್ನೊಂದು ಕಡೆಗೆ ಅಲ್ಲಾಡಿತು. ಆ ಕಾಲನ್ನೂ ಉಜ್ಜಿದೆ. ಹೀಗೇ ನಾಲ್ಕು ವಾರ ಉಜ್ಜಿದ ಮೇಲೆ ಅಲ್ಲಾಡುವುದು ನಿಂತಿತು, ಏಕೆಂದರೆ ಆ ಹೊತ್ತಿಗೆ ಮಣೆಗೆ ಕಾಲುಗಳೇ ಇರಲಿಲ್ಲ.

ಮೇಷ್ಟರು ಆ ಹಲಗೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. “ಮುರಳಿ, ಸಾಕು ಅಂತ ಮರಾನೇ ಹೇಳುತ್ತೆ ಕಣೋ. ಕೇಳಿಸ್ಕೋಬೇಕು. ಉಪ್ಪು ಕಾಗದ ಕಂಡ್ರೆ ನಿನಗೆ ಮೈಮೇಲೆ ಏನು ಬರುತ್ತೆ?” ಎಂದರು. ಇಡೀ ಶೆಡ್ಡು ನಕ್ಕಿತು. ಅದೇ ಮಣೆಯನ್ನು ಮನೆಗೆ ತಂದೆ. ಅಮ್ಮ ಅದರ ಮೇಲೆ ಬಿಸಿ ಪಾತ್ರೆ ಇಡುತ್ತಿದ್ದಳು.

ಇಂಥವನಿಗೆ ದೊಡ್ಡವನಾದ ಮೇಲೆ ಪಾಲಿಶ್ ಹುಚ್ಚು ಹಿಡಿಯಿತು ಎಂದರೆ ನಿಮಗೆ ಆಶ್ಚರ್ಯವಾಗಲಾರದು. ಉಪ್ಪಾರಪೇಟೆಯ ಹತ್ತಿರದ ಒಂದು ಸರ್ಕಾರಿ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಫೈಲುಗಳಿಗೆ ಎಷ್ಟು ಉಜ್ಜಿದರೂ ಹೊಳಪು ಬರುವುದಿಲ್ಲವಾದ್ದರಿಂದ ನನ್ನ ಆಸೆಯೆಲ್ಲ ಮನೆಯ ಸಾಮಾನಿನ ಕಡೆಗೆ ತಿರುಗಿತು. ಶನಿವಾರ ಬರುತ್ತಾ ಅಕ್ಕಿಪೇಟೆಯಲ್ಲಿ ಇಳಿದು ಅರಗಿನ ಚಕ್ಕೆ, ಸ್ಪಿರಿಟ್ಟು, ಹತ್ತಿ ತರುತ್ತಿದ್ದೆ. ಅಮ್ಮನ ಉಪ್ಪಿನಕಾಯಿಯ ಗಾಜಿನ ಸೀಸೆಯೊಂದನ್ನು ಹಾರಿಸಿಕೊಂಡು ಅದರಲ್ಲಿ ಚಕ್ಕೆಯನ್ನು ಸ್ಪಿರಿಟ್ಟಿಗೆ ಹಾಕಿ ನೆನೆಸುತ್ತಿದ್ದೆ. ಅದು ಕರಗಿ ಜೇನುತುಪ್ಪದ ಬಣ್ಣಕ್ಕೆ ಬಂದ ಮೇಲೆ ಬಟ್ಟೆಯಲ್ಲಿ ಶೋಧಿಸಬೇಕು. ಹತ್ತಿಯುಂಡೆಗೆ ಹಳೆಯ ಬನಿಯನ್ನಿನ ತುಂಡು ಸುತ್ತಿ, ಅದ್ದಿ, ಹಿಂಡಿ, ಮರದ ಮೇಲೆ ತೆಳ್ಳಗೆ ಎಳೆಯಬೇಕು. ಒಣಗಿದ ಮೇಲೆ ಹಗುರವಾಗಿ ಉಜ್ಜಿ ಮತ್ತೆ ಇನ್ನೊಂದು ಕೈ. ಆ ಮಸುಕು ಮರದೊಳಗಿಂದ ಗೆರೆಗಳು ಒಂದೊಂದಾಗಿ ಎದ್ದು ಬರುತ್ತವಲ್ಲ, ಆ ಸುಖ ನನಗೆ ಬಡ್ತಿ ಸಿಕ್ಕಾಗಲೂ ಆಗಿಲ್ಲ.

ಮನೆಯವರಿಗೆ ಮಾತ್ರ ಭಾನುವಾರ ಬಂದರೆ ದಿಗಿಲು. ಯಾವ ಕುರ್ಚಿಯ ಮೇಲೆ ಕೂರಬಹುದು ಎಂದು ನನ್ನನ್ನು ಕೇಳಿಯೇ ಕೂರಬೇಕಿತ್ತು. ಕೇಳದೆ ಕೂತ ನಮ್ಮ ಚಿಕ್ಕಪ್ಪ ಏಳುವಾಗ ಕುರ್ಚಿಯೂ ಅವರ ಪಂಚೆಯನ್ನು ಹಿಡಿದುಕೊಂಡೇ ಎದ್ದಿತು. ನಮ್ಮ ಅಕ್ಕ ವಸುಧಾಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನವಂತೂ ಆದ ಫಜೀತಿ ಹೇಳತೀರದು. ಹಿಂದಿನ ದಿನ ತಾನೇ ನಡುಮನೆಯ ಎಲ್ಲ ಕುರ್ಚಿಗೂ ಪಾಲಿಶ್ ಆಗಿತ್ತು. ಒಣಗಿತ್ತು, ಆದರೆ ಸ್ಪಿರಿಟ್ಟಿನ ವಾಸನೆ ಹೋಗಿರಲಿಲ್ಲ. ಹುಡುಗನ ಸೋದರಮಾವ ಎರಡು ಸಲ ಮೂಗು ಎಳೆದುಕೊಂಡರು. ಉಪ್ಪಿಟ್ಟು ಮುಗಿಯುವವರೆಗೆ ತಡೆದುಕೊಂಡು ಆಮೇಲೆ ಅಪ್ಪನ ಕಿವಿಯ ಹತ್ತಿರ ಬಗ್ಗಿದರು.

“ತಪ್ಪು ತಿಳ್ಕೋಬೇಡಿ. ಮನೇಲಿ ಯಾರಿಗಾದ್ರೂ ಏನಾದ್ರೂ... ಅಭ್ಯಾಸ ಇದೆಯಾ?”

ಅಪ್ಪ ಮಿತಭಾಷಿ. “ಇದೆ. ನನ್ನ ಮಗನಿಗೆ” ಎಂದು ಕಾಫಿ ಕುಡಿಯತೊಡಗಿದರು. ಅಕ್ಕನ ಮುಖ ಬಿಳಿಚಿಕೊಂಡಿತು. ಲೋಟ ಖಾಲಿಯಾದ ಮೇಲೆ ಅಪ್ಪ, “ಭಾನುವಾರ ಭಾನುವಾರ ಕುರ್ಚಿಗೆ ಪಾಲಿಶ್ ಹಾಕ್ತಾನೆ” ಎಂದು ಮುಗಿಸಿದರು. ಹುಡುಗ ಜೋರಾಗಿ ನಕ್ಕುಬಿಟ್ಟ. ತಾನು ಒಪ್ಪಿದ್ದು ಆ ನಗುವಿಗೇ ಎಂದು ಅಕ್ಕ ಈಗಲೂ ಹೇಳುತ್ತಾಳೆ. ಹೀಗಾಗಿ ಆ ಮದುವೆ ಕುದುರಿಸಿದ ಪುಣ್ಯದಲ್ಲಿ ನನಗೂ ಒಂದು ಪಾಲಿದೆ. ಅದನ್ನು ಕೆಡಿಸಹೊರಟ ಪಾಪವೂ ನನ್ನದೇ. ಹೇಳಬೇಕೆಂದಿದ್ದದ್ದು ಅದನ್ನು.

ಅಮ್ಮನ ತವರಿನಲ್ಲಿ ಒಂದು ಪದ್ಧತಿ. ಮದುವೆಯ ಬೆಳಿಗ್ಗೆ ಹುಡುಗಿ ಗೌರಿಪೂಜೆಗೆ ಕೂರುವಾಗ ಅಜ್ಜಿಯ ಮದುವೆ ಸೀರೆಯನ್ನು ಉಡಬೇಕು. ಕುಂಕುಮದ ಬಣ್ಣದ ಒಡಲು, ಹಸಿರು ಅಂಚು, ಕೈಗೆ ಭಾರವಾದ ಜರಿ. ಅಜ್ಜಿ ಉಟ್ಟಿದ್ದಳು, ಅಮ್ಮ ಉಟ್ಟಿದ್ದಳು. ಅಕ್ಕನಿಗೆ ಅದನ್ನು ಉಡಿಸಿ ನೋಡಬೇಕೆಂದು ಅಜ್ಜಿಗೆ ಬಹಳ ಆಸೆ ಇತ್ತು. ಆದರೆ ಮದುವೆ ನಿಶ್ಚಯವಾಗುವ ಹಿಂದಿನ ವರ್ಷ ತೀರಿಕೊಂಡಳು. ಅಕ್ಕ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವಳು, ಶಾಸ್ತ್ರಗೀಸ್ತ್ರ ಎಂದರೆ ಮೂಗು ಮುರಿಯುವವಳು. ಅಂಥವಳೂ ಜವಳಿ ತೆಗೆಯಲು ಹೊರಟಾಗ, “ಮಿಕ್ಕಿದ್ದಕ್ಕೆಲ್ಲ ನೀವು ಏನು ಕೊಡಿಸಿದ್ರೂ ಉಡ್ತೀನಿ. ಗೌರಿಪೂಜೆಗೆ ಮಾತ್ರ ಅಜ್ಜಿ ಸೀರೇನೇ” ಎಂದು ಹೇಳಿಬಿಟ್ಟಿದ್ದಳು.

ಆ ಸೀರೆ ಇದ್ದದ್ದು ದೇವದಾರು ಪೆಟ್ಟಿಗೆಯ ತಳದಲ್ಲಿ.

ಮದುವೆಗೆ ಎರಡು ವಾರ ಇರುವಾಗ ಅಪ್ಪ, ಅಮ್ಮ, ಅಕ್ಕ ಮೂವರೂ ಲಗ್ನಪತ್ರಿಕೆ ಹಂಚಲು ಮೈಸೂರಿಗೆ ಹೋದರು. ಎರಡನೇ ಶನಿವಾರ, ನನಗೆ ರಜೆ. ಮನೆಯಲ್ಲಿ ನಾನೊಬ್ಬನೇ, ಜೊತೆಗೆ ಸೀಸೆಯ ತುಂಬ ಪಾಲಿಶ್. ಪಾಲಿಶ್ ಆಗದೆ ಉಳಿದದ್ದು ಮನೆಯಲ್ಲಿ ಯಾವುದಿದೆ ಎಂದು ಒಂದು ಸುತ್ತು ಬಂದೆ. ಕೋಣೆಯ ಪೆಟ್ಟಿಗೆಯ ಮುಂದೆ ನಿಂತೆ. ಹೊರಗಡೆ ಅಚ್ಚುಕಟ್ಟಾಗಿತ್ತು. ದೇವರ ಪಟದ ಹಿಂದಿನ ಮೊಳೆಯಿಂದ ಬೀಗದ ಕೈ ತಂದು ಮುಚ್ಚಳ ತೆಗೆದೆ. ಒಳಗೆ ಅದೇ ಬೋಳು ಮರ. ಹೊರಗಡೆಗೆ ಇಷ್ಟು ಅಲಂಕಾರ ಮಾಡಿ ಒಳಗಡೆಯನ್ನು ಇಷ್ಟು ವರ್ಷ ಯಾರೂ ತಿರುಗಿ ನೋಡಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಮರುಕ ಬಂತು. ಮದುವೆ ಮನೆ, ಅಮ್ಮ ಬಂದು ಮುಚ್ಚಳ ತೆಗೆದಾಗ ಬೆರಗಾಗಬೇಕು ಎಂದುಕೊಂಡೆ.

ಸೀರೆಗಳನ್ನೆಲ್ಲ ಮಂಚದ ಮೇಲೆ ಒಗೆದ ಹೊದಿಕೆ ಹಾಸಿ ಇಟ್ಟೆ. ಅಷ್ಟು ಬುದ್ಧಿ ಇತ್ತು. ಪೆಟ್ಟಿಗೆಯ ಒಳಗೆ ತಲೆ ತೂರಿಸಿ ಕೂತೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ತಳ, ಗೋಡೆ, ಮುಚ್ಚಳದ ಒಳಮೈ ಎಲ್ಲದಕ್ಕೂ ನಾಲ್ಕು ಕೋಟು ಆಗಿತ್ತು. ಬಗ್ಗಿ ನೋಡಿದರೆ ನನ್ನ ಮೀಸೆ ಕಾಣುತ್ತಿತ್ತು. ಸಂಜೆ ಬೆರಳಲ್ಲಿ ಮುಟ್ಟಿದೆ, ಅಂಟಲಿಲ್ಲ. ಸೀರೆಗಳನ್ನು ಇದ್ದ ಕ್ರಮದಲ್ಲೇ ಜೋಡಿಸಿ ಬೀಗ ಹಾಕಿದೆ. ಅದು ಕಾರ್ತಿಕ ಮಾಸ. ಎರಡು ದಿನದಿಂದ ಬಿಸಿಲಿಲ್ಲ, ಜಡಿಮಳೆ. ಮೇಲುಮೇಲೆ ಒಣಗಿದ ಅರಗು ಒಳಗೊಳಗೆ ಹಸಿಯಾಗಿರುತ್ತದೆ, ಗಾಳಿಯಾಡದ ಕಡೆ ಭಾರ ಬಿದ್ದರೆ ಮತ್ತೆ ಅಂಟಾಗುತ್ತದೆ ಎಂಬುದು ಚಿಕ್ಕಪ್ಪನ ಪಂಚೆಯಿಂದಲೇ ನಾನು ಕಲಿಯಬಹುದಾಗಿತ್ತು. ಕಲಿತಿರಲಿಲ್ಲ.

ಬುಧವಾರ ಸಂಜೆ ರವಿಕೆಗೆ ಬಣ್ಣ ಹೊಂದಿಸಲೆಂದು ಅಮ್ಮ ಪೆಟ್ಟಿಗೆಯ ಮುಂದೆ ಕೂತಳು. ಅಕ್ಕ ರವಿಕೆ ಖಣ ಹಿಡಿದು ನಿಂತಿದ್ದಳು. ನಾನು ಬಾಗಿಲಲ್ಲಿ ಹೊಗಳಿಕೆಗೆ ಸಿದ್ಧನಾಗಿ ನಿಂತಿದ್ದೆ. ಮುಚ್ಚಳ ಏಳಲಿಲ್ಲ. ಅಮ್ಮ ಎರಡು ಕೈ ಹಾಕಿ ಎತ್ತಿದಾಗ ಅದು ಫಟ್ಟೆಂದು ಬಿಟ್ಟುಕೊಂಡಿತು. ಆಸ್ಪತ್ರೆಯ ವಾರ್ಡಿನಂಥ ವಾಸನೆ ಮುಖಕ್ಕೆ ಹೊಡೆಯಿತು. ಮೇಲಿನ ಸೀರೆಗಳು ಹೇಗೋ ಬಂದವು. ತಳದ ಗಂಟು ಮಾತ್ರ ಅಲ್ಲಾಡಲಿಲ್ಲ. ಅಜ್ಜಿಯ ಸೀರೆಯನ್ನು ತಾತನ ಹಳೆಯ ಪಂಚೆಯಲ್ಲಿ ಸುತ್ತಿ ಇಡುವುದು ಮೊದಲಿನಿಂದ ನಡೆದುಬಂದದ್ದು. ಆ ಗಂಟು ಪೆಟ್ಟಿಗೆಯ ತಳಕ್ಕೆ ಕಚ್ಚಿಕೊಂಡಿತ್ತು. ಅಮ್ಮ ಒಂದು ಸಲ ಎಳೆದಳು. ಚರ್ ಎಂದು ಸದ್ದಾಯಿತು. ಕೈ ಬಿಟ್ಟಳು.

“ಒಳಗೆ ಏನು ಮಾಡಿದೆ ಮುರಳಿ?”

“ಪಾಲಿಶ್ ಹಾಕ್ದೆ ಅಮ್ಮಾ. ನಾಲ್ಕು ಕೋಟು.”

ಅಮ್ಮ ಬೈಯಲಿಲ್ಲ. ನಾನು ಹೆದರಿದ್ದು ಅದಕ್ಕೇ. ಅಮ್ಮ ಬೈಯದೆ ಇದ್ದದ್ದನ್ನು ಅದಕ್ಕೆ ಮುಂಚೆ ನಾನು ನೋಡಿದ್ದು ಅಜ್ಜಿ ಹೋದ ದಿನ. ಅಕ್ಕ ರವಿಕೆ ಖಣವನ್ನು ಮಂಚದ ಮೇಲೆ ಇಟ್ಟಳು. “ಹರಿದಿದ್ರೆ ನನಗೆ ಹೇಳ್ಬೇಡಿ” ಎಂದು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತಳು. ಅವಳ ಬೆನ್ನು ನೋಡುತ್ತಾ ನಿಂತಾಗ ನನಗೆ ನನ್ನ ಮೇಲೆ ಬಂದಷ್ಟು ಹೇಸಿಗೆ ಮತ್ತೆಂದೂ ಬಂದಿಲ್ಲ. ಮದುವೆಗೆ ಹತ್ತು ದಿನ ಉಳಿದಿತ್ತು.

ಯಾರ ಹತ್ತಿರ ಹೋಗುವುದು? ನನಗೆ ಗೊತ್ತಿದ್ದವರು ಒಬ್ಬರೇ. ನಂಜುಂಡಯ್ಯ ಮೇಷ್ಟರು ರಿಟೈರಾಗಿ ಗವಿಪುರದಲ್ಲಿದ್ದರು. ಸ್ಕೂಟರ್ ಹತ್ತಿ ಹೋದೆ. ಜಗುಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಅಷ್ಟು ವರ್ಷವಾದರೂ ಹೆಸರು ಮರೆತಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಲೋಟ ಕೆಳಗಿಟ್ಟರು.

“ಒಳಗೆ?” ಎಂದರು.

“ಹೌದು ಸಾರ್.”

“ದೇವದಾರು ಪೆಟ್ಟಿಗೆ ಒಳಗೆ?”

“ಹೌದು ಸಾರ್.”

“ಬೇರೆ ಯಾರಾದ್ರೂ ಆಗಿದ್ರೆ ಆಶ್ಚರ್ಯ ಪಡ್ತಿದ್ದೆ” ಎಂದು ಎದ್ದು ಕೋಟು ಹಾಕಿಕೊಂಡರು. ಸ್ಕೂಟರಿನ ಹಿಂದೆ ಕೈಚೀಲ ತಬ್ಬಿಕೊಂಡು ಕೂತರು. ನಾನು ಎರಡು ಸಲ ತಪ್ಪು ತಿರುವು ತೆಗೆದುಕೊಂಡೆ.

ಪೆಟ್ಟಿಗೆಯ ಮುಂದೆ ಮೇಷ್ಟರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ನನ್ನ ಸ್ಪಿರಿಟ್ಟಿನ ಸೀಸೆಯನ್ನೇ ತರಿಸಿ ಹತ್ತಿಯನ್ನು ಅದ್ದಿ, ಚೆನ್ನಾಗಿ ಹಿಂಡಿದರು. ಗಂಟಿನ ಅಂಚಿನಲ್ಲಿ, ಬಟ್ಟೆಗೆ ತಾಕದ ಹಾಗೆ, ಮರದ ಮೇಲಷ್ಟೇ ಒರೆಸಿದರು. ಸ್ವಲ್ಪ ಕಾದರು. ತೆಳ್ಳನೆಯ ಬಿದಿರಿನ ಚೂರನ್ನು ಅಡಿಗೆ ತೂರಿಸಿ ಎತ್ತಿದರು. ಕೂದಲೆಳೆಯಷ್ಟು ಬಿಟ್ಟುಕೊಂಡಿತು. ಮತ್ತೆ ಹತ್ತಿ, ಮತ್ತೆ ಕಾಯುವುದು.

“ಸಾರ್, ನಾನು ಸ್ವಲ್ಪ ಎಳೀಲಾ?” ಎಂದೆ.

“ನೀನು ಆ ಗೋಡೆಗೆ ಒರಗಿ ನಿಂತ್ಕೋ. ಕೈ ಹಿಂದಕ್ಕೆ ಕಟ್ಕೋ.”

ಸರ್ಕಾರಿ ನೌಕರನಾದ ನಾನು ಕೈ ಹಿಂದಕ್ಕೆ ಕಟ್ಟಿ ಗೋಡೆಗೆ ಒರಗಿ ನಿಂತೆ. ಅಮ್ಮ ತುಟಿ ಅಲ್ಲಾಡಿಸುತ್ತಾ ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದಳು. ಮುಕ್ಕಾಲು ಗಂಟೆಯಾದ ಮೇಲೆ ಗಂಟು ಕೈಗೆ ಬಂತು. ಮೇಷ್ಟರು ಅದನ್ನು ತಿರುಗಿಸಿ ನೋಡಲೂ ಇಲ್ಲ. ಹಾಗೇ ಅಮ್ಮನ ಮುಂದೆ ಹಿಡಿದರು. “ಇದು ನಿಮ್ಮ ಮನೆ ಹೆಣ್ಣುಮಕ್ಕಳ ಸೀರೆ. ನೀವೇ ಬಿಚ್ಚಿ ತಾಯಿ.”

ಅಮ್ಮನ ಕೈಲಾಗಲಿಲ್ಲ. “ವಸೂ, ಬಾರೇ ಇಲ್ಲಿ” ಎಂದು ಕೂಗಿದಳು. ಅಕ್ಕ ಹಿತ್ತಲಿನಿಂದ ಬಂದು ಮಂಚದ ಮೇಲೆ ಗಂಟಿಟ್ಟುಕೊಂಡು ಬಿಚ್ಚತೊಡಗಿದಳು. ಪಂಚೆಯ ಮೊದಲ ಸುತ್ತು ಚಿಂದಿಯಾಗಿತ್ತು. ಅಮ್ಮ ಎಳೆದಾಗ ಚರ್ ಎಂದದ್ದು ಅದು. ಎರಡನೆಯದು ಕಂದು ಬಣ್ಣವಾಗಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಮೂರನೆಯದರಲ್ಲಿ ಅಲ್ಲಲ್ಲಿ ಕಲೆ. ತಾತ ಆರಡಿ ಎತ್ತರದ ಆಳು, ಪಂಚೆಯೂ ಅಷ್ಟೇ ಉದ್ದ. ನಾಲ್ಕನೆಯ ಸುತ್ತು ಬೆಳ್ಳಗಿತ್ತು. ಐದನೆಯದನ್ನು ತೆಗೆದಾಗ ಹಸಿರು ಅಂಚು ಕಂಡಿತು. ಅಕ್ಕ ಸೀರೆಯನ್ನು ಮಡಿಕೆ ಮಡಿಕೆಯಾಗಿ ಲೈಟಿನ ಕೆಳಗೆ ಹಿಡಿದು ನೋಡಿದಳು. ಒಂದು ಎಳೆಯೂ ಹೋಗಿರಲಿಲ್ಲ. ಒಳಗೆ ಸಿಕ್ಕಿಸಿಕೊಳ್ಳುವ ತುದಿಯಲ್ಲಿ, ಪಂಚೆಯ ಮಡಿಕೆ ಸರಿದುಹೋದ ಕಡೆ, ಹುಣಸೆಬೀಜದಷ್ಟು ಒಂದು ಕಂದು ಗುರುತು ಇತ್ತು, ಅಷ್ಟೆ.

“ಇದು ಮುರಳಿ ಸೈನು” ಎಂದು ಅಕ್ಕ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. “ಅಪ್ಪ ಕಾಪಾಡಿದ್ರು” ಎಂದು ಅಮ್ಮ ಹರಿದ ಪಂಚೆಯನ್ನು ಕಣ್ಣಿಗೆ ಒತ್ತಿಕೊಂಡಳು. ನಾನು ಗೋಡೆಗೆ ಒರಗಿದವನು ಹಾಗೇ ಜಾರಿ ನೆಲದ ಮೇಲೆ ಕೂತೆ. ಎದೆಯ ಮೇಲಿಂದ ಯಾರೋ ಒಂದು ಮೂಟೆ ಇಳಿಸಿದ ಹಾಗಾಯಿತು. ನಡುಮನೆಯಲ್ಲಿ ಪೇಪರ್ ಹಿಡಿದು ಒಂದೇ ಪುಟವನ್ನು ಅಷ್ಟು ಹೊತ್ತಿನಿಂದ ಓದುತ್ತಿದ್ದ ಅಪ್ಪ, “ಆಯ್ತಾ?” ಎಂದು ಕೇಳಿ ಪುಟ ತಿರುಗಿಸಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಸೀರೆಯನ್ನು ಬೀರುವಿಗೆ ಸೇರಿಸಿ ಬಂದ ಅಮ್ಮ ಪೆಟ್ಟಿಗೆಯ ಮುಂದೆ ಬಗ್ಗಿ ಒಳಗೆ ಮುಖ ಇಟ್ಟಳು. ಎದ್ದಾಗ ಮುಖ ಸಣ್ಣಗಾಗಿತ್ತು.

“ವಾಸನೆ ಇಲ್ಲ ಕಣೋ. ಈ ಪೆಟ್ಟಿಗೇಲಿ ಮುಖ ಇಟ್ರೆ ನಮ್ಮಮ್ಮ ಪಕ್ಕದಲ್ಲೇ ಕೂತಿದಾಳೆ ಅನ್ಸೋದು. ಈಗ ಏನೂ ಇಲ್ಲ.”

ಅಜ್ಜಿ ಹೋದ ಮೇಲೆ ಅಮ್ಮ ಆಗಾಗ ಸುಮ್ಮನೆ ಪೆಟ್ಟಿಗೆ ತೆಗೆದು ಕೂರುತ್ತಿದ್ದದ್ದು ಯಾಕೆಂದು ನನಗೆ ಗೊತ್ತಾದದ್ದು ಆಗ. ನನ್ನ ಪೆನ್ಸಿಲ್ಲೂ ಅದೇ ಕೆಲಸ ಮಾಡುತ್ತಿತ್ತಲ್ಲ, ಅಷ್ಟು ತಿಳಿದವನಿಗೆ ಇದು ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. “ಸಾರ್, ವಾಸನೆ ಹೋಗೇಬಿಡ್ತಾ?” ಎಂದು ಮೇಷ್ಟರನ್ನು ಕೇಳಿದೆ.

“ಎಲ್ಲಿಗೆ ಹೋಗುತ್ತೆ? ಮರದೊಳಗೇ ಇದೆ. ಅದರ ಬಾಯಿಗೆ ನೀನು ಅರಗಿನ ಮುದ್ರೆ ಒತ್ತಿದೀಯ” ಎಂದರು ಮೇಷ್ಟರು. “ದೇವದಾರುಗೆ ಹೊರಗಡೆ ಏನು ಬೇಕಾದ್ರೂ ಬಳಿ. ಒಳಗಡೆ ಉಸಿರಾಡೋಕೆ ಬಿಡ್ಬೇಕು. ಹುಳ ಹತ್ತಿರ ಬರದೆ ಇರೋದು ಆ ವಾಸನೆಗೇ. ಈಗ ಇದನ್ನ ಸ್ಪಿರಿಟ್ಟಲ್ಲಿ ಒರೆಸಿ ತೆಗೀಬೇಕು, ಮಿಕ್ಕಿದ್ದನ್ನ ಗಾಜಿನ ಚೂರಲ್ಲಿ ಕೆರೀಬೇಕು, ಆಮೇಲೆ ಹೊಸ ಮರ ಕಾಣೋವರ್ಗೂ ಉಜ್ಜಬೇಕು.” ಚೀಲದಿಂದ ಒಂದು ಸುರುಳಿ ಉಪ್ಪು ಕಾಗದ ತೆಗೆದು ನನ್ನ ಕೈಗಿಟ್ಟರು. “ಜನ್ಮದಲ್ಲಿ ಒಂದೇ ಸಲ ನಿನಗೆ ಈ ಮಾತು ಹೇಳ್ತಿದೀನಿ. ಜಾಸ್ತಿ ಉಜ್ಜು.”

ಕಚೇರಿಗೆ ಮೂರು ದಿನ ರಜೆ ಹಾಕಿದೆ. ಕಾರಣ ‘ಮನೆಯಲ್ಲಿ ಮದುವೆಯ ಕೆಲಸ’ ಎಂದು ಬರೆದೆ, ಸುಳ್ಳೇನಲ್ಲ. ಮೇಷ್ಟರು ದಿನವೂ ಬೆಳಿಗ್ಗೆ ಬಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮರದ ಗೆರೆಯ ಜೊತೆ ಹೋಗು, ಅಡ್ಡ ಹೋಗಬೇಡ, ಮೂಲೆ ಬಿಡಬೇಡ, ನೀರು ಮುಟ್ಟಿಸಬೇಡ. ನನ್ನ ಬೆರಳ ತುದಿ ಸವೆದು ಸೂಜಿ ಚುಚ್ಚಿದರೂ ಗೊತ್ತಾಗದಷ್ಟು ಜೋಮು ಹಿಡಿಯಿತು. ಮೊದಲ ದಿನ ಬರೀ ಸ್ಪಿರಿಟ್ಟಿನ ನಾತ. ಎರಡನೆಯ ದಿನ ಏನೂ ಇಲ್ಲ. ಮೂರನೆಯ ದಿನ ಮಧ್ಯಾಹ್ನ, ತಳದ ಹಲಗೆಯ ಗಂಟೊಂದರ ಸುತ್ತ ಉಜ್ಜುತ್ತಿದ್ದಾಗ ಮೂಗಿಗೆ ಏನೋ ತಾಕಿತು. ಒಂದನೇ ಕ್ಲಾಸಿನ ಕಿಟಕಿ ನೆನಪಾಯಿತು. ಸುಳ್ಳಿರಬಹುದೆಂದು ಇನ್ನೂ ಜೋರಾಗಿ ಉಜ್ಜಿದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ಬಂದು ನಿಂತಿದ್ದಳು. ಇಂಗಿನ ಘಾಟು ದಾಟಿ ಅವಳಿಗೆ ಅದು ಹೋಗಿ ಮುಟ್ಟಿತ್ತು.

“ಬಂತು” ಎಂದಳು.

ಮೇಷ್ಟರು ಪೆಟ್ಟಿಗೆಯಿಂದ ಮರದ ಪುಡಿಯನ್ನು ಬಳಿದು ತಾತನ ಪಂಚೆಯ ಚಿಂದಿಯಲ್ಲಿ ಗಂಟು ಕಟ್ಟಿ, “ಸೀರೆ ಮಧ್ಯೆ ಇಡಿ ತಾಯಿ” ಎಂದು ಕೊಟ್ಟರು. ಆಮೇಲೆ ನನ್ನ ಕೈಯಿಂದ ಉಪ್ಪು ಕಾಗದ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು.

ಮದುವೆಯ ಬೆಳಿಗ್ಗೆ ಅಕ್ಕ ಅಜ್ಜಿಯ ಸೀರೆಯುಟ್ಟು ಗೌರಿಯ ಮುಂದೆ ಕೂತಿದ್ದಳು. ನಾನು ಹೂವಿನ ತಟ್ಟೆ ಕೊಡಲು ಬಗ್ಗಿದಾಗ ಊದುಬತ್ತಿ ಕರ್ಪೂರಗಳ ನಡುವೆಯೂ ಆ ವಾಸನೆ ಬಂತು. ಮೂಗು ಅರಳಿಸಿದ್ದನ್ನು ಅಕ್ಕ ನೋಡಿದಳು. “ಪೆನ್ಸಿಲ್ಲಾ?” ಎಂದು ಪಿಸುಗುಟ್ಟಿದಳು. ತಲೆಯಾಡಿಸಿದೆ. ಕಣ್ಣು ತುಂಬಿಕೊಂಡಿತು, ಹೊಗೆಯ ಮೇಲೆ ಹಾಕಿದೆ. ಪಕ್ಕದಲ್ಲಿ ಚೌಟ್ರಿಯವರ ಮಣೆಯೊಂದು ಟಕಟಕ ಎಂದು ಅಲ್ಲಾಡುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟರು ಪುರೋಹಿತರಿಗೆ, “ಅಲ್ಲಾಡಿದ್ರೆ ಅಲ್ಲಾಡ್ಲಿ ಸ್ವಾಮಿ, ಈ ಹುಡುಗನಿಗೆ ಮಾತ್ರ ಹೇಳ್ಬೇಡಿ” ಎಂದರು.

ಅಲ್ಲಿಂದಾಚೆಗೆ ಬೀಗದ ಕೈ ದೇವರ ಪಟದ ಹಿಂದಿನ ಮೊಳೆಯಲ್ಲಿ ಇರಲಿಲ್ಲ. ಅಮ್ಮನ ಸೊಂಟಕ್ಕೆ ಹೋಯಿತು. ದೇವದಾರುವಿನ ವಾಸನೆ ವರ್ಷ ಕಳೆದಂತೆ ಮಂಕಾಗುತ್ತದೆ, ಆಗ ಒಳಮೈಯನ್ನು ಹಗುರವಾಗಿ ಉಜ್ಜಿದರೆ ಮತ್ತೆ ಏಳುತ್ತದೆ ಎಂದು ಮೇಷ್ಟರು ಹೇಳಿದ್ದರಿಂದ ಪ್ರತಿ ವರ್ಷ ನವರಾತ್ರಿಗೆ ಮುಂಚೆ ಒಂದು ದಿನ ಆ ಕೆಲಸ. ಉಜ್ಜುವವನು ನಾನೇ. ಆದರೆ ಅಮ್ಮ ಬೀಗ ತೆಗೆದು ಪಕ್ಕದಲ್ಲೇ ನಿಲ್ಲುತ್ತಿದ್ದಳು. ಒಂದೊಂದು ಹಲಗೆಗೆ ನಾಲ್ಕು ಸಲ ಕೈಯಾಡಿಸುವಷ್ಟರಲ್ಲಿ “ಸಾಕು” ಎನ್ನುತ್ತಿದ್ದಳು. ನನ್ನ ಮದುವೆಯಾಯಿತು, ಮಗಳು ಹುಟ್ಟಿದಳು, ಕಚೇರಿಯಲ್ಲಿ ನನ್ನ ಕೈಕೆಳಗೆ ಜನ ಬಂದರು. ಪೆಟ್ಟಿಗೆಯ ಮುಂದೆ ಮಾತ್ರ ನಾನು ಜಾಮೀನಿನ ಮೇಲೆ ಹೊರಗಿರುವವನೇ. ಆ ಪೆಟ್ಟಿಗೆಯ ಜೊತೆ ನನ್ನೊಬ್ಬನನ್ನೇ ಬಿಟ್ಟದ್ದೇ ಇಲ್ಲ. ನಗುನಗುತ್ತಾ 'ಸಾಕು' ಕೇಳಿಸಿಕೊಳ್ಳುತ್ತಿದ್ದೆ. ಆದರೆ ಪ್ರತಿ ವರ್ಷ ಅಮ್ಮ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಾಗ ಆ ಬುಧವಾರದ ಸಂಜೆ ಇನ್ನೂ ಮುಗಿದಿಲ್ಲ ಎನಿಸುತ್ತಿತ್ತು.

ಪೆನ್ಸಿಲ್ ಖಾಲಿ ಮಾಡಿದ ಮಾರನೆಯ ದಿನವೇ ಈ ವರ್ಷದ ಸರದಿ. ಬೆಳಿಗ್ಗೆ ಅಮ್ಮ ಕೈಚೀಲ ಹಿಡಿದು ನಡುಮನೆಗೆ ಬಂದಳು. ಸೊಂಟದಿಂದ ಕೀಲಿ ತೆಗೆದು ನನ್ನ ಪಕ್ಕದಲ್ಲಿ ಮೇಜಿನ ಮೇಲಿಟ್ಟಳು.

“ಗಾಂಧಿ ಬಜಾರಿಗೆ ಹೋಗ್ಬರ್ತೀನಿ. ಬೊಂಬೆಗೆ ಹೂವು, ಹಣ್ಣು ತರ್ಬೇಕು. ನೀನು ಪೆಟ್ಟಿಗೆ ಉಜ್ಜಿಬಿಡು.”

“ನಾನೊಬ್ಬನೇನಾ?” ಎಂದೆ.

“ಇನ್ನೇನು, ಪೊಲೀಸಿನೋರನ್ನ ಕರೀಲಾ?” ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದಳು.

ನಾನು ಕೀಲಿಯನ್ನು ಅಂಗೈಗೆ ತೆಗೆದುಕೊಂಡೆ. ಅಮ್ಮನ ಸೊಂಟದ ಬಿಸಿ ಅದರಲ್ಲಿ ಇನ್ನೂ ಇತ್ತು. ಆಮೇಲೆ ಕೋಣೆಗೆ ಹೋಗಿ, ಸೀರೆಗಳನ್ನು ಮಂಚದ ಮೇಲಿಟ್ಟು, ಉಪ್ಪು ಕಾಗದ ಹಿಡಿದು ಒಂದೊಂದು ಹಲಗೆಗೆ ಎರಡೇ ಎರಡು ಸಲ ಕೈಯಾಡಿಸಿದೆ. ಮೂರನೆಯದಕ್ಕೆ ಧೈರ್ಯ ಬರಲಿಲ್ಲ. ಮನೆಯಲ್ಲಿ ‘ಸಾಕು’ ಎನ್ನುವವರು ಯಾರೂ ಇರಲಿಲ್ಲವಲ್ಲ, ಅದಕ್ಕೆ ನಾನೇ ಎರಡು ಸಲ ಗಟ್ಟಿಯಾಗಿ ಹೇಳಿಕೊಂಡೆ. ಅಮ್ಮ ಬರುವವರೆಗೂ ಪೆಟ್ಟಿಗೆಯ ಎದುರು ಕೈ ಹಿಂದಕ್ಕೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದೆ.

ಅಮ್ಮ ಬಂದವಳು ಹೂವಿನ ಚೀಲವನ್ನೂ ಕೆಳಗಿಡದೆ ಬಗ್ಗಿ ಪೆಟ್ಟಿಗೆಯೊಳಗೆ ಮುಖ ಇಟ್ಟಳು. ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

“ಯಾಕೋ, ಇಷ್ಟೇನಾ ಉಜ್ಜಿದ್ದು? ಇನ್ನೂ ಸ್ವಲ್ಪ ಉಜ್ಜೋ” ಎಂದು ಅಡುಗೆಮನೆಗೆ ಹೊರಟುಹೋದಳು.